ಬಿಸಿಲು ಕಂಡ ಡಿಎನ್‌ಎ

ನಮ್ಮವ್ವನಿಗೆ ಮುಚ್ಚಿಟ್ಟ ಡಬ್ಬಿ ಕಂಡರಾಗದು. ಮಿಶ್ರಿಕೋಟಿಯ ನಮ್ಮ ಮನೆಯಲ್ಲಿ ಕಡಲೆ, ಹೆಸರು, ಹಾಸಿಗೆ, ಕೊನೆಗೆ ನನ್ನ ಡಿಗ್ರಿ ಸರ್ಟಿಫಿಕೇಟು ಕೂಡ ಆಗಾಗ ಮಾಳಿಗೆ ಹತ್ತಿ ಬಿಸಿಲು ಕಂಡು ಬರಬೇಕು. ನಾನೋ, ಬಿಸಿಲು ಡಿಎನ್‌ಎಯನ್ನು ಹೇಗೆ ಕೆಡಿಸುತ್ತದೆ ಎಂದು ಹುಡುಕುವ ರಸಾಯನಶಾಸ್ತ್ರದವಳು. ಒಂದಿಲ್ಲೊಂದು ದಿನ ನಾವಿಬ್ಬರೂ ಡಿಕ್ಕಿ ಹೊಡೆಯಲೇಬೇಕಿತ್ತು.

ಆ ಶನಿವಾರ ನನ್ನ ಚೀಲದಲ್ಲಿ ನಲವತ್ತು ಸಣ್ಣ ಕೊಳವೆಗಳಿದ್ದವು. ಪ್ರತಿಯೊಂದರ ತಳದಲ್ಲೂ ಒಣಗಿಸಿದ ಡಿಎನ್‌ಎ. ಅರ್ಧದಷ್ಟಕ್ಕೆ ಅಳೆದು ಅತಿನೇರಳೆ ಬೆಳಕು ಕೊಟ್ಟಿದ್ದೆ. ಉಳಿದರ್ಧ ಆ ಬೆಳಕನ್ನೇ ಕಂಡಿರಲಿಲ್ಲ. ಎರಡನ್ನೂ ಹೋಲಿಸಿದರೆ ಮಾತ್ರ ನನ್ನ ಮೂರು ತಿಂಗಳ ದುಡಿಮೆಗೆ ಅರ್ಥ. ಅದಕ್ಕೆ ಬೇಕಾದ ಯಂತ್ರ ಸೋಮವಾರ ಬೇರೆ ಊರಲ್ಲಿ ಒಂದೇ ದಿನದ ಮಟ್ಟಿಗೆ ಸಿಗುವುದಿತ್ತು. ದಾರಿಯಲ್ಲೇ ಮನೆಯಲ್ಲವೇ ಎಂದು ಇಳಿದೆ. ಬೆಳ್ಳಿ ಕಾಗದ ಸುತ್ತಿದ ಡಬ್ಬಿಯನ್ನು ಕಪಾಟಿನಲ್ಲಿಟ್ಟು, ಕಲಘಟಗಿಯ ಗೆಳತಿಯನ್ನು ನೋಡಲು ಹೋದೆ.

ಮಧ್ಯಾಹ್ನ ಬಂದು ನೋಡಿದರೆ ಮಾಳಿಗೆಯ ಮೇಲೆ, ಸಂಡಿಗೆಯ ಪಕ್ಕ, ಬಿಳಿ ಧೋತರದ ಮೇಲೆ ನಲವತ್ತೂ ಸಾಲಾಗಿ ಮಲಗಿದ್ದವು. ಮುಚ್ಚಳ ತೆಗೆದು!

“ತಳದಾಗ ಬೆಳ್ಳಗ ಬೂಸ್ಟು ಹತ್ತಿತ್ತಬೇ. ನಡುವ ಒಮ್ಮಿ ಮಗ್ಗಲಾ ತಿರುಗಿಸೀನಿ,” ಎಂದಳು ಅವ್ವ, ನಾನು ಶಹಬ್ಬಾಸ್ ಅನ್ನಲೆಂದು ಕಾಯುತ್ತಾ. ಹುಳ ಆಗದಿರಲಿ ಎಂದು ಖಾಲಿ ಡಬ್ಬಿಗೆ ಬೇವಿನೆಲೆಯನ್ನೂ ಹಾಕಿಟ್ಟಿದ್ದಳು.

“ಏನ್ ಮಾಡಿದಬೇ ಯವ್ವಾ!” ಎಂದು ಕೂಗಿದೆ. ಬಾಜೂ ಮನೆಯವರು ಹೊರಗೆ ಬಂದರು. ನಾನು ಮಾಳಿಗೆಯ ಮೇಲೆ ಕುಕ್ಕರಿಸಿ ಅತ್ತುಬಿಟ್ಟೆ. ಅವ್ವನ ಮುಖ ಸಣ್ಣದಾಯಿತು.

ಸಿಟ್ಟು ಇಳಿದ ಮೇಲೆ ಅವಳಿಗೆ ತಿಳಿಸಿ ಹೇಳಿದೆ. ತಾಗಿಸಿ ಹಾಕಿದ ಎರಡು ಹಪ್ಪಳ ಒಂದಕ್ಕೊಂದು ಅಂಟಿಕೊಳ್ಳುತ್ತವಲ್ಲ, ಹಾಗೆ ಬಿಸಿಲಿಗೆ ಡಿಎನ್‌ಎಯ ಅಕ್ಕಪಕ್ಕದ ಎರಡು ಅಕ್ಷರ ಅಂಟಿಕೊಳ್ಳುತ್ತವೆ. ಆಮೇಲೆ ಜೀವಕೋಶ ಅದನ್ನು ತಪ್ಪಾಗಿ ಓದುತ್ತದೆ. ಚರ್ಮದ ಕ್ಯಾನ್ಸರಿಗೂ ಅದೇ ದಾರಿಯಾಗಬಹುದು.

ಅವ್ವ ತನ್ನ ಕರ್ರಗಿನ ಮುಂಗೈ ನೋಡಿಕೊಂಡಳು. “ಹಂಗಾರ ಇದು ಇಷ್ಟ ವರ್ಷ ಹೊಲದಾಗ ಹೆಂಗ ಉಳೀತು?”

“ಒಳಗ ರಿಪೇರಿ ನಡದಿರತೈತಿ. ದಿನಾ.”

“ನಿನ್ನ ಕೊಳವಿಯೊಳಗ?”

“ಅಲ್ಲಿ ರಿಪೇರಿ ಮಾಡಾವ್ರು ಯಾರೂ ಇಲ್ಲಬೇ.”

“ಅಯ್ಯ, ಪಾಪ,” ಎಂದಳು. ನನಗೋ, ಕೊಳವೆಗಳಿಗೋ, ತಿಳಿಯಲಿಲ್ಲ.

ಆ ಸೋಮವಾರ ಯಂತ್ರ ಬೇರೆಯವರ ಪಾಲಾಯಿತು. ನಾನು ಮತ್ತೆ ಮೊದಲಿನಿಂದ ಶುರು ಮಾಡಿದೆ. ಎರಡನೇ ಸಲ ಯಂತ್ರ ಸಿಕ್ಕಾಗ ಊರಲ್ಲಿ ಇಳಿಯದೆ ನೇರ ಹೋಗುವುದೆಂದು ನಿಶ್ಚಯಿಸಿದ್ದೆ. ಈ ಸಲ ಬರುವುದಿಲ್ಲವೆಂದು ತಿಳಿಸಿದ್ದೇ ತಡ, ಅವ್ವನ ಫೋನ್ ಬಂತು.

“ಡಬ್ಬಿಗಿ ಅಂಜಿ ಅವ್ವನ್ನ ನೋಡಾಕ ಬರಂಗಿಲ್ಲೇನು?”

ನಿಜವನ್ನೇ ಕೇಳಿದ್ದಳು, ನಾಚಿಕೆಯಾಯಿತು. ಡಬ್ಬಿ ಸಮೇತ ಇಳಿದೆ. ಅವ್ವ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, “ನೀ ಉಣ್ಣು. ನಾ ಅಗದಿ ಕತ್ತಲದಾಗ ಇಡತೀನಿ,” ಎಂದು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಬಸ್ಸು ಹಾರ್ನ್ ಹೊಡೆಯುತ್ತಿದೆ, ಡಬ್ಬಿ ಎಲ್ಲಿದೆಯೆಂದರೆ ಜೋಳದ ಚೀಲದೊಳಗೆ. ಯಾವ ಚೀಲವೆಂದು ಮಾತ್ರ ಅವಳಿಗೆ ನೆನಪಿಲ್ಲ. ತಾಯಿ ಮಗಳಿಬ್ಬರೂ ಬೈದಾಡುತ್ತಾ ಮೊಣಕೈತನಕ ಜೋಳದಲ್ಲಿ ಕೈಯಾಡಿಸಿದೆವು. ನಾಲ್ಕನೆಯ ಚೀಲದಲ್ಲಿ ಸಿಕ್ಕಿತು. ಅವಳೇ ಓಡಿ ಹೋಗಿ ಬಸ್ಸಿಗೆ ಅಡ್ಡ ನಿಂತಳು.

ಪ್ರಯೋಗಾಲಯದಲ್ಲಿ ಡಬ್ಬಿಯ ಮೇಲೆ ಸುತ್ತಿದ್ದ ಹಳೇ ಇರಕಲ್ ಸೀರೆಯ ತುಂಡು ಬಿಚ್ಚಿದೆ. ಬೆಳ್ಳಿ ಕಾಗದ ನಾನು ಸುತ್ತಿದ ಹಾಗೆಯೇ ಇತ್ತು, ಅವಳು ಬಿಚ್ಚಿ ನೋಡಿರಲಿಲ್ಲ. ಅದರ ಮೇಲೆ ಎರಡು ಬೇವಿನೆಲೆ.

“ಇವು ಯಾಕ್ರಿ?” ಎಂದು ಯಂತ್ರ ನೋಡಿಕೊಳ್ಳುವವರು ಕೇಳಿದರು.

“ಇರಲಿ ಬಿಡ್ರಿ,” ಎಂದೆ, “ನಮ್ಮಲ್ಲಿ ಇಡೂ ಪದ್ಧತಿ ಐತಿ.”