ಕುಳ್ಳನ ನೆರಳು ಕಾಯುವಾಕೆ

ಬೆಳಕಿನ್ನೂ ಹರಿದಿಲ್ಲ. ಕಾಡಿನೊಳಗೆ ಮಂಜು ಸೊಂಟದೆತ್ತರಕ್ಕೆ ನಿಂತಿದೆ. ಹಳ್ಳದ ಪಕ್ಕದ ಗಿಡ್ಡ ಮರವೊಂದಕ್ಕೆ ಒರಗಿಕೊಂಡು ವಯಸ್ಸಾದ ಹೆಂಗಸೊಬ್ಬರು ಮೇಲೆ ನೋಡುತ್ತಾ ಕೂತಿದ್ದಾರೆ. ಮಡಿಲಲ್ಲಿ ಹಳೇ ಹೊದಿಕೆ ಹರಿದು ಮಾಡಿದ ಪಟ್ಟಿಗಳಿವೆ, ಕೆಂಪು ಕೆಲವು, ಬಿಳಿ ಕೆಲವು. ಕಂಡವರು, ಇವರು ನಿದ್ದೆಗಣ್ಣಲ್ಲಿ ದಾರಿ ತಪ್ಪಿ ಬಂದಿದ್ದಾರೆ ಅಂದುಕೊಳ್ಳಬೇಕು. ಆದರೆ ಇದು ಅವರ ಕೆಲಸ.

"ಕೂತ್ಕೊಂಡೇ ನೋಡ್ಬೇಕು. ನಿಂತ್ರೆ ನಮಗೆ ಕಾಣೋ ಆಕಾಶ, ಕೂತ್ರೆ ಇವನಿಗೆ ಕಾಣೋ ಆಕಾಶ," ಎನ್ನುತ್ತಾರೆ ಜೊತೆಗೆ ಬಂದ ನನಗೆ, ಮಲಗಿದ ಮಗುವಿನ ಪಕ್ಕದಲ್ಲಿ ಮಾತಾಡುವ ದನಿಯಲ್ಲಿ.

ಇವನೆಂದರೆ ಆ ಮರ. ಮರ ಕಡಿಯುವವರ ಬಾಯಲ್ಲಿ ಅದು ಕುಳ್ಳ. ಸೂಜಿ ಎಲೆಯ ಜಾತಿಯೇ ಆದರೂ ತನ್ನ ಬಳಗದವರ ಹಾಗೆ ಮುಗಿಲು ಮುಟ್ಟುವ ಉಸಾಬರಿಗೆ ಹೋಗುವುದಿಲ್ಲ. ದೊಡ್ಡ ಮರಗಳ ಕಾಲಡಿ, ಹಳ್ಳದ ಅಂಚು, ಬಿಸಿಲು ಇಣುಕದ ಇಳಿಜಾರು, ಬಿದ್ದ ದಿಮ್ಮಿ ಕೊಳೆತು ಮಣ್ಣಾದ ಜಾಗ, ಇವೇ ಅದರ ಮನೆ. ತೊಗಟೆ ನೇರಳೆಗೆಂಪು, ಮುಟ್ಟಿದರೆ ಹಾಳೆಹಾಳೆಯಾಗಿ ಏಳುತ್ತದೆ. ಬೆಳವಣಿಗೆ ಎಷ್ಟು ನಿಧಾನವೆಂದರೆ, ತೊಡೆಗಾತ್ರದ ಈ ಮರ ನಮ್ಮ ಅಜ್ಜಿಯ ಅಜ್ಜಿಗೂ ಹಿರಿಯದು.

ಕಡಿಯುವ ತಂಡಕ್ಕಿಂತ ಮೊದಲೇ ಕಾಡು ಹೊಕ್ಕು, ಕುಳ್ಳನನ್ನು ಹುಡುಕಿ ಕೆಂಪು ಪಟ್ಟಿ ಕಟ್ಟುವುದು ಇವರ ಕಾಯಕ. ಕೆಂಪು ಕಟ್ಟಿದ್ದನ್ನು ಯಾರೂ ಕಡಿಯುವಂತಿಲ್ಲ, ಅದು ಕಾಡಿನ ನಿಯಮ. ಗಂಡ ತೀರಿಕೊಂಡ ಮೇಲೆ ಇದೇ ತಂಡಕ್ಕೆ ಅಡುಗೆ ಮಾಡಲು ಬಂದವರು, ಸೌದೆ ಆಯುತ್ತಾ ಆಯುತ್ತಾ ಕುಳ್ಳ ಎಲ್ಲೆಲ್ಲಿ ಅಡಗಿರುತ್ತದೆ ಎಂಬ ಗುಟ್ಟು ತಿಳಿದುಕೊಂಡರು. ಮೊಣಕಾಲು ಈಗ ಮಾತು ಕೇಳುವುದಿಲ್ಲ. ಮನೆಯ ಒಲೆಯ ಪಕ್ಕ ಒಂದು ಜೊತೆ ಬೂಟು ಸದಾ ಒಣಗುತ್ತಿರುತ್ತದೆ, ಇನ್ನೊಂದು ಜೊತೆ ಕಾಡಿನಲ್ಲಿ ನೆನೆಯುತ್ತಿರುತ್ತದೆ.

ಬಿಳಿ ಪಟ್ಟಿ ಶುರುವಾದದ್ದು ಹೋದ ವರ್ಷ. ತಂಡದ ಮೇಸ್ತ್ರಿ ಇವರ ಸ್ವಂತ ತಮ್ಮ. ಮೇಲಿನ ಇಳಿಜಾರಿನಲ್ಲಿ ಕುಳ್ಳನೊಂದನ್ನು ಉಳಿಸಿ, ಸುತ್ತಲಿನದ್ದನ್ನೆಲ್ಲ ಜೋಪಾನವಾಗಿ ಉರುಳಿಸಿದ್ದ. ಬೇಸಿಗೆ ಮುಗಿಯುವಷ್ಟರಲ್ಲಿ ಕುಳ್ಳ ತುಕ್ಕು ಹಿಡಿದ ತಂತಿಯ ಬಣ್ಣಕ್ಕೆ ತಿರುಗಿ ಸತ್ತೇಹೋಯಿತು.

"ಒಂದು ಗೀರೂ ಬೀಳದ ಹಾಗೆ ನೋಡ್ಕೊಂಡಿದ್ದೆ. ಬಿಸಿಲು ಬಿದ್ರೆ ಚೆನ್ನಾಗಿ ಚಿಗುರುತ್ತೆ ಅಂದ್ಕೊಂಡೆ," ಎನ್ನುವಾಗ ಇವತ್ತಿಗೂ ತಮ್ಮನ ಮುಖ ಬಾಡುತ್ತದೆ. ಅಕ್ಕ ಬೈಯಲಿಲ್ಲ. ಒಲೆಯ ಮುಂದೆ ಕೂತು ಅತ್ತರು.

ಅಂದಿನಿಂದ ಕುಳ್ಳನಿಗೆ ನೆರಳು ಕೊಡುವ ಮರಗಳಿಗೂ ಬಿಳಿ ಪಟ್ಟಿ ಕಟ್ಟುತ್ತಾರೆ. ನಿಯಮದಲ್ಲಿ ಅದಕ್ಕೆ ಬೆಲೆಯಿಲ್ಲ. ತಂಡದ ಹುಡುಗರಿಗೋ ತಮಾಷೆ: "ನೆರಳಕ್ಕ, ನಮ್ಮ ತಲೆಗೂ ಒಂದು ಕಟ್ಟಿ, ಬಿಸಿಲು ಜಾಸ್ತಿ!" ಅವರೂ ನಗುತ್ತಾರೆ. ಆಸೆ ಏನೆಂದು ಕೇಳಿದರೆ ಮಾತ್ರ ನಗು ನಿಲ್ಲುತ್ತದೆ. "ನನ್ನ ಕಾಲು ನಿಂತ್ಮೇಲೂ ಯಾರಾದ್ರೂ ಬಂದು ಇವನ ಹತ್ರ ಹಿಂಗೆ ಕೂತ್ರೆ ಸಾಕಪ್ಪಾ."

ಇವತ್ತು ಕಡಿಯಲು ಹಳ್ಳದ ಪಕ್ಕದ ಇಳಿಜಾರಿನ ಸರದಿ. ಗರಗಸ ಹೆಗಲಿಗೇರಿಸಿಕೊಂಡು ತಮ್ಮ ಬರುತ್ತಾನೆ. ನಿಯಮದಂತೆ ಪ್ರತಿ ಇಳಿಜಾರಿನಲ್ಲೂ ಕೆಲವು ದೊಡ್ಡ ಮರ ಉಳಿಸಲೇಬೇಕು. ಯಾವುದು ಎನ್ನುವುದು ಮೇಸ್ತ್ರಿಯ ಇಷ್ಟ. ನೆಟ್ಟಗಿನದ್ದು ತಂಡಕ್ಕೆ ಕೂಲಿ ಕೊಡುವ ಸಾಹುಕಾರನಿಗೆ ಬೇಕು, ಹಾಗಾಗಿ ಎಲ್ಲರೂ ಸೊಟ್ಟಗಿನ, ಟೊಳ್ಳು ಮರವನ್ನೇ ಬಿಡುವುದು ರೂಢಿ. ಆದರೆ ಇಲ್ಲಿ ಬಿಳಿ ಪಟ್ಟಿ ಕಟ್ಟಿಸಿಕೊಂಡಿರುವುದು ಇಡೀ ಇಳಿಜಾರಿನಲ್ಲೇ ಎಲ್ಲಕ್ಕಿಂತ ನೆಟ್ಟಗಿರುವ ಮರ.

"ಅಕ್ಕಾ, ಇದನ್ನ ಬಿಟ್ಟು ಬಂದ್ರೆ ಸಾಹುಕಾರ ನನ್ನ ಚರ್ಮ ಸುಲೀತಾನೆ."

"ಆಯ್ತು. ಕಡಿಯೋಕೆ ಮುಂಚೆ ಒಂದು ಗಳಿಗೆ ಕೂತ್ಕೋ ಬಾ."

ಗರಗಸ ಕೆಳಗಿಟ್ಟು ಅಕ್ಕನ ಪಕ್ಕ ಕೂರುತ್ತಾನೆ. ಮಂಜು ಮೆಲ್ಲಗೆ ಕರಗುತ್ತಿದೆ. ಮೇಲಿಂದ ಇಳಿಯುವ ಬೆಳಕು ಎಲೆಗಳಲ್ಲಿ ಸೋಸಿ ಸೋಸಿ, ಕುಳ್ಳನನ್ನು ಮುಟ್ಟುವಾಗ ತಿಳಿ ಹಸಿರು ಬಣ್ಣವಷ್ಟೇ ಆಗಿರುತ್ತದೆ. ಹುಡುಗರು ಕೂಗಿ ಕರೆದರೂ ಮೇಸ್ತ್ರಿ ಏಳುವುದಿಲ್ಲ, ಕತ್ತೆತ್ತಿ ನೋಡುತ್ತಲೇ ಇದ್ದಾನೆ.

"ಇದೊಂದೇ ಸಾಲಲ್ಲ ಅಕ್ಕಾ," ಎನ್ನುತ್ತಾನೆ ಕೊನೆಗೆ. "ಹೊತ್ತು ಇಳಿಯೋವಾಗ ಬಿಸಿಲು ಆ ಕಡೆಯಿಂದ ನುಗ್ಗುತ್ತೆ. ಆ ಮರಾನೂ ಬೇಕು. ಇನ್ನೊಂದು ಬಿಳಿ ಪಟ್ಟಿ ಕೊಡು. ಸಾಹುಕಾರನ ಹತ್ರ ನಾನು ಮಾತಾಡ್ತೀನಿ."

ನೆರಳಕ್ಕ ಪಟ್ಟಿ ಕೊಟ್ಟು, ಮತ್ತೆ ಕುಳ್ಳನಿಗೆ ಒರಗಿ ಕಣ್ಣು ಮುಚ್ಚುತ್ತಾರೆ.

"ಚೆನ್ನಾಗಿ ಕಟ್ತಾನೆ ಬಿಡಿ," ಎನ್ನುತ್ತಾರೆ ನನಗೆ. "ಗಂಟು ಹಾಕೋದು ಅವನಿಗೆ ಕಲಿಸಿದ್ದು ನಾನೇ."