ಹೊಸ್ತಿಲಾಚೆಯಿಂದ ಪಾಠ ಹೇಳಿದಾಕೆ

ಹೋದ ವಾರ ಮಸ್ಕಿ ಸಂತೆಗೆ ಹೋದಾಗ ಎಣ್ಣೆ ಅಂಗಡಿಯ ಮುಂದೆ ನಿಂತುಬಿಟ್ಟೆ. ಔಡಲೆಣ್ಣೆಯ, ಅಂದರೆ ಹರಳೆಣ್ಣೆಯ ವಾಸನೆ. ಮೊಮ್ಮಗಳ ತಲೆಗೆಂದು ಕೊಳ್ಳಲು ಹೋದವಳು ಕೊಳ್ಳದೇ ಬಂದೆ. ತಂಪು ಎಣ್ಣೆ ಎಂದು ಜನ ಹೊಗಳುತ್ತಾರೆ. ನನಗೆ ಮಾತ್ರ ಅದು ಮೂಗಿಗೆ ಬಡಿದರೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ. ನನ್ನ ಮೊದಲ ಕೂಸಿನ ಬಾಯಿಗೆ ಹಾಕಿದ್ದು ಅದೇ ಎಣ್ಣೆ.

ಆಗೆಲ್ಲ ನಮ್ಮ ಕಡೆ ಹುಟ್ಟಿದ ಕೂಸಿಗೆ ಮೂರು ದಿನ ತಾಯಿಯ ಹಾಲು ಕೊಡುತ್ತಿರಲಿಲ್ಲ. ಮೊದಲ ಹಾಲು ಹಳದಿ, ಮಂದ. ಅದು ಕೆಟ್ಟದ್ದೆಂದು ಹಿಂಡಿ ಚೆಲ್ಲಿಸುತ್ತಿದ್ದರು. ಕೂಸಿನ ಹೊಟ್ಟೆ ತೊಳೆಯಲು ಔಡಲೆಣ್ಣೆ, ಬಾಯಿ ಒಣಗದ ಹಾಗೆ ಅರಿವೆಯ ಬತ್ತಿಯಲ್ಲಿ ಸಕ್ಕರೆ ನೀರು. ಅದೇ ಮನೆಯಲ್ಲಿ ಎಮ್ಮೆ ಈದರೆ ಅದರ ಮೊದಲ ಹಾಲಿಗೆ ಬೆಲ್ಲ, ಯಾಲಕ್ಕಿ ಹಾಕಿ ಗಿಣ್ಣ ಮಾಡಿ, ಓಣಿಗೆಲ್ಲ ಹಂಚಿ ಬಾಯಿ ಚಪ್ಪರಿಸುತ್ತಿದ್ದೆವು! ಒಬ್ಬರಿಗೂ ಇದು ವಿಚಿತ್ರ ಅನ್ನಿಸಿರಲಿಲ್ಲ. ಗೊರೇಬಾಳದ ತವರಿನಲ್ಲಿ ನನ್ನ ಮೊದಲ ಮಗ ಹುಟ್ಟಿದಾಗಲೂ ಹಾಗೇ ಮಾಡಿದರು. ನಾಲ್ಕನೇ ದಿನ ಭೇದಿ ಹತ್ತಿತು. ಐದನೇ ದಿನ ಮಧ್ಯಾಹ್ನ... ಅದನ್ನು ಬರೆಯಲಾರೆ. ಆಮೇಲೂ ಎಷ್ಟೋ ದಿನ ನನ್ನ ಎದೆಯಲ್ಲಿ ಹಾಲು ಬರುತ್ತಲೇ ಇತ್ತು.

ಎರಡನೇ ಸಲ ಬಸಿರಾದಾಗ ಬಳಗಾನೂರಿನಲ್ಲಿ ಗಂಡನ ಮನೆಯಲ್ಲಿದ್ದೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸರ್ಕಾರಿ ದವಾಖಾನೆಯ ನರ್ಸಬಾಯಿ ವಾರಕ್ಕೊಮ್ಮೆ ಬಸ್ಸಿಳಿದು ಬರುತ್ತಿದ್ದರು. ಲಿಂಗಸುಗೂರು ಕಡೆಯವರು, ಬೌದ್ಧರ ಮನೆತನ. ನಮ್ಮೂರಿನ ಬಾಯಲ್ಲಿ ಅದಕ್ಕೆ ಊರ ಹೊರಗಿನ ಕೇರಿಯ ಜಾತಿಹೆಸರೇ ಇತ್ತು. ಈಗ ಬರೆಯುವಾಗ 'ಅವರು' ಎನ್ನುತ್ತಿದ್ದೇನೆ. ಆಗ ನನಗಿಂತ ಹದಿನೈದು ವರ್ಷ ದೊಡ್ಡವರಾದ, ಓದಿದ, ಸರ್ಕಾರಿ ಪಗಾರದ ಆ ಹೆಂಗಸನ್ನು ಊರಿನ ಸಣ್ಣ ಹುಡುಗರೂ 'ಆಕಿ' ಎನ್ನುತ್ತಿದ್ದರು.

ಅವರ ಪಾಠ ನಡೆಯುತ್ತಿದ್ದದ್ದು ಕಾಲುವೆ ದಂಡೆಯ ಬೇವಿನ ಮರದ ಕೆಳಗೆ. ನಾಟಿಗೆ ಬಂದ ಹೆಂಗಸರು ಮಧ್ಯಾಹ್ನ ಬುತ್ತಿ ಬಿಚ್ಚುವ ಜಾಗ ಅದು. ಅವರದೊಂದು ಹಟವಿತ್ತು: ಬಸುರಿ ಒಬ್ಬಳೇ ಬಂದರೆ ಪಾಠವಿಲ್ಲ. "ಅತ್ತಿನ್ನ ಕರ್ಕೊಂಡು ಬಾ. ಬಾಣಂತನ ಮಾಡಾಕಿ ಆಕಿ, ನೀ ಒಬ್ಬಾಕಿ ಕಲ್ತು ಏನ್ ಮಾಡ್ತಿ?" ಎಂದು ವಾಪಸು ಕಳಿಸುತ್ತಿದ್ದರು. ಹಳೇ ಸೀರೆಯಲ್ಲಿ ಒಂದು ಚೀಲ ಹೊಲಿದು, ಕೂಸಿನ ತೂಕದಷ್ಟು ಭತ್ತ ತುಂಬಿ ತರುತ್ತಿದ್ದರು. ತಲೆಯನ್ನು ಬೇರೆ ಮಾಡಿ ಸಡಿಲವಾಗಿ ಹೊಲಿದಿದ್ದರು. ಎತ್ತಿಕೊಳ್ಳುವಾಗ ಕುತ್ತಿಗೆಗೆ ಕೈ ಕೊಡದಿದ್ದರೆ ತಲೆ ಜೋತುಬೀಳುತ್ತಿತ್ತು. "ಅಯ್ಯ, ಕೂಸಿನ ಗೋಣು ಮುರದ್ಯಲ್ಲ ಯವ್ವಾ!" ಎಂದು ಮುದುಕಿಯರನ್ನೂ ಬಿಡದೆ ಕಾಡಿಸುತ್ತಿದ್ದರು. ಹೊಕ್ಕುಳಿಗೆ ಬೂದಿ ಹಚ್ಚಬಾರದು, ಹುಟ್ಟಿದ ಕೂಡಲೇ ಮೈ ತೊಳೆಯಬಾರದು, ಒರೆಸಿ ಬೆಚ್ಚಗೆ ಸುತ್ತಬೇಕು, ಮೊದಲ ಹಾಲು ಒಂದು ಹನಿಯೂ ಚೆಲ್ಲಬಾರದು.

ನನ್ನ ಅತ್ತೆ ಒಲ್ಲದ ಮನಸ್ಸಿನಿಂದ ಬಂದು, ಮಾರು ದೂರ ಕುಳಿತು ಕೇಳುತ್ತಿದ್ದರು. ಹಾಲಿನ ಮಾತು ಬಂದಾಗ ತಡೆಯಲಾಗಲಿಲ್ಲ.

"ಏಳು ಹಡದೀನಿ ನಾನು. ನೀ ನನಗ ಕಲಸ್ತೀಯೇನ?"

"ಏಳರಾಗ ಎಷ್ಟು ಅದಾವ ಯವ್ವಾ?"

ಅತ್ತೆ ಕಾಲುವೆಯ ಕಡೆ ಮುಖ ತಿರುಗಿಸಿದರು. "ಮೂರು," ಎಂದರು. ನರ್ಸಬಾಯಿ ಭತ್ತದ ಚೀಲವನ್ನು ತಂದು ಅತ್ತೆಯ ಮುಂದೆ ನೆಲದ ಮೇಲಿಟ್ಟರು. ಕೈಗೆ ಕೊಡಲಿಲ್ಲ, ಅತ್ತೆ ಮುಟ್ಟಿಸಿಕೊಳ್ಳುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ನನಗೆ ಬೇನೆ ಬಂದದ್ದು ಅವರು ಬರುವ ದಿನವೇ. ಬೆಳಗಿನಲ್ಲಿ ಹೆರಿಗೆಯಾಯಿತು. ಹೆಣ್ಣುಕೂಸು. ಹೆರಿಗೆ ಮಾಡಿಸಿದ ಸೂಲಗಿತ್ತಿ ಅಜ್ಜಿ ಊರ ಹೊರಗಿನ ಕೇರಿಯವಳು. ನರ್ಸಬಾಯಿ ಕೊಟ್ಟಿದ್ದ ಹೊಸ ಬ್ಲೇಡನ್ನು ಕುದಿಸಿ ಹೊಕ್ಕುಳ ಹುರಿ ಕೊಯ್ದಳು. ಅಷ್ಟರಲ್ಲಿ ಅತ್ತೆ ಔಡಲೆಣ್ಣೆಯ ಬಟ್ಟಲು ಹಿಡಿದು ಬಂದರು. ಆ ಬಟ್ಟಲು, ಆ ಬತ್ತಿ... ಬೇಡ ಎನ್ನಲು ಬಾಯಿ ಬರಲೊಲ್ಲದು.

ಆಗ ಹೊರಗೆ ಅತ್ತೆಯನ್ನು ಕರೆದ ನರ್ಸಬಾಯಿಯ ದನಿ ಕೇಳಿತು. ಅತ್ತೆ ಬಟ್ಟಲು ಹಿಡಿದೇ ಬಾಗಿಲಿಗೆ ಹೋದರು.

"ಅಲ್ಲೇ ನಿಲ್ಲವಾ. ಒಳಗ ದೇವರು ಅದಾವ."

"ಹಡಸಾಕ ನಮ್ಮ ಕೇರಿ ಮುದುಕಿ ಒಳಗ ಬರಬಹುದು. ಹೊಲಸು ಬಳ್ಯಾಕ ಬರಬಹುದು. ಬುದ್ಧಿ ಹೇಳಾಕ ನಾ ಬಂದ್ರ ನಿಮ್ಮ ದೇವರು ಎದ್ದು ಹೋಗ್ತಾವೇನು?"

ಅತ್ತೆ ಬಾಗಿಲು ಬಿಡಲಿಲ್ಲ. ನರ್ಸಬಾಯಿ ಹೋಗಲೂ ಇಲ್ಲ. ಹೊಸ್ತಿಲಾಚೆ ನಿಂತು, ಓಣಿಗೆಲ್ಲ ಕೇಳುವ ಹಾಗೆ ಕೂಗಿದರು: "ತಂಗೀ, ಕೇಳಸಾಕತ್ತೈತೇನು? ಕೂಸು ನಿಂದು, ಹಾಲು ನಿಂದು. ಯಾರನ್ನೂ ಕೇಳಬ್ಯಾಡ!"

ಎಲ್ಲಿತ್ತೋ ನನ್ನ ದನಿ. "ಅತ್ತೀ, ಆ ಬಟ್ಲ ಕೂಸಿನ ಹತ್ರ ತಂದ್ರ ಗ್ವಾಡಿಗೆ ಒಗಿತೀನಿ ನೋಡ್ರಿ," ಎಂದೆ. ಆ ಮನೆಗೆ ಬಂದ ಮೇಲೆ ನಾನು ಎದುರು ಆಡಿದ ಮೊದಲ ಮಾತು. ಕೂಸನ್ನು ಎದೆಗೆ ತೆಗೆದುಕೊಂಡೆ. ಅದು ಬಾಯಿ ಹಾಕಲಿಲ್ಲ. ಮುಖ ಆಚೀಚೆ ಹೊರಳಿಸಿ ಅತ್ತಿತು. ಒಳಗಿನದೇನೂ ಕಾಣದ ನರ್ಸಬಾಯಿ ಬರೀ ಅಳು ಕೇಳಿಯೇ ಅಲ್ಲಿಂದ ಹೇಳತೊಡಗಿದರು. "ಅವಸರ ಮಾಡಬ್ಯಾಡ. ತುಟಿಗೆ ತಾಗಸು. ಬಾಯಿ ಆಕಳಿಸಿದಂಗ ದೊಡ್ಡದು ತೆಗಿಯೂತನಾ ತಡಿ... ಈಗ ಹಿಡಿ. ಗುಟುಕ್ ಅಂತ ಸಪ್ಪಳ ಬರ್ತೈತೇನು?"

"ಬರಾಕತ್ತೈತ್ರೀ!" ಎಂದು ನಾನೂ ಕೂಗಿದೆ. ಅಳು, ನಗು ಎರಡೂ ಒಟ್ಟಿಗೆ ಬಂದವು.

ಅತ್ತೆ ಬಾಗಿಲಲ್ಲೇ ಕುಳಿತರು. "ಇದಕ್ಕೇನರ ಆತಂದ್ರ ನಿನ್ನ ಬಿಡಂಗಿಲ್ಲ," ಎಂದದ್ದು ಕೇಳಿಸಿತು.

"ಬಿಡಬ್ಯಾಡ್ರಿ. ಐದನೇ ದಿನ ಬಂದು ಇಲ್ಲೇ ನಿಂದ್ರತೀನಿ."

ಮೊದಲ ಕೂಸು ಐದನೇ ದಿನ ಹೋದದ್ದನ್ನು ನಾನೇ ಅವರಿಗೆ ಹೇಳಿದ್ದೆ. ಸರದಿಯ ದಿನವಲ್ಲದಿದ್ದರೂ ಐದನೇ ದಿನ ಬಂದು ನಿಂತರು. ಕೂಸು ಗಟ್ಟಿಯಾಗಿ ಅಳುತ್ತಿತ್ತು. ಮುಂದಿನ ತಿಂಗಳು ನೆರೆಮನೆಯ ಸೊಸೆ ಹೆತ್ತಾಗ, ಮೊದಲ ಹಾಲು ಚೆಲ್ಲಿದರೆ ಜೋಕೆ ಎಂದು ಅತ್ತೆ ತಾವೇ ಹೋಗಿ ಗದರಿಸಿ ಬಂದರು!

ಊರಿನ ಹಿರಿಯರಿಗೆ ಮಾತ್ರ ನರ್ಸಬಾಯಿಯ ಮಾತು ನುಂಗಲಾಗಲಿಲ್ಲ. ದೇವರನ್ನು ಎತ್ತಿ ಆಡುತ್ತಾಳೆ, ಸೊಕ್ಕು ಬಹಳ ಎಂದು ಮೇಲಕ್ಕೆ ಅರ್ಜಿ ಬರೆದರು. ವರ್ಗವಾಯಿತು. ಹೋಗುವ ಮುಂಚೆ ಅವರೊಮ್ಮೆ ನಮ್ಮ ಮನೆಗೆ ಬಂದರು. ಕೆಂಡದಂಥ ಬಿಸಿಲು. ಅತ್ತೆ, ಗಂಡ ಹೊಲಕ್ಕೆ ಹೋಗಿದ್ದರು. ನಾನು ಪಡಸಾಲೆಯಲ್ಲಿ ಕೂಸಿಗೆ ಹಾಲು ಕುಡಿಸುತ್ತಿದ್ದೆ.

"ಬದ್ಲಿ ಆತು ತಂಗಿ. ಕೂಸಿನ್ನ ಒಮ್ಮಿ ನೋಡ್ಕೊಂಡು ಹೋಗೋಣು ಅಂತ ಬಂದೆ," ಎನ್ನುತ್ತ ಚಪ್ಪಲಿ ಬಿಡಲು ಒಂದು ಕಾಲು ಎತ್ತಿದರು. ನಾನು ಧಡಕ್ಕನೆ ಎದ್ದು, ಕೂಸನ್ನು ಎತ್ತಿಕೊಂಡು ಹೊರಗೆ ಕಟ್ಟೆಗೆ ಬಂದೆ. ಅವರು ನನ್ನ ಮುಖ ನೋಡಿದರು. ಕಾಲನ್ನು ಮತ್ತೆ ಚಪ್ಪಲಿಯೊಳಗೆ ಸೇರಿಸಿದರು. ಕಟ್ಟೆಯ ಮೇಲೆ ಕೂತು ಕೂಸನ್ನು ಆಡಿಸಿದರು, ಅದರ ತೂಕವನ್ನು ಹೊಗಳಿದರು. ಬಸ್ಸಿನ ಹೊತ್ತಾಯಿತೆಂದು ಎದ್ದು ಹೋದರು...

ಅವರು ತೀರಿಕೊಂಡು ನಾಲ್ಕು ವರ್ಷವಾಯಿತಂತೆ. ಸಿಂಧನೂರಿನ ದವಾಖಾನೆಯಲ್ಲಿ ಯಾರೋ ಮಾತಿಗೆ ಮಾತು ಬಂದು ಹೇಳಿದರು. ಇದನ್ನೆಲ್ಲ ಬರೆಯುತ್ತೇನೆ ಎಂದಾಗ ಮನೆಯವರು, ಹಳೆಯದನ್ನೇಕೆ ಕೆದಕುತ್ತಿ, ಅರ್ಜಿ ಬರೆದವರ ಮಕ್ಕಳು ಇಲ್ಲೇ ಇದ್ದಾರೆ ಎಂದರು. ಇರಲಿ. ಅವರೂ ಓದಲಿ. ಅತ್ತೆ ಸತ್ತು ಬಹಳ ವರ್ಷವಾಗಿದೆ. ಕಾಲವೇ ಹಾಗಿತ್ತು, ಅತ್ತೆಯೇ ಹಾಗಿದ್ದರು ಎಂದು ನಾನೂ ಇಷ್ಟು ದಿನ ಹೇಳಿಕೊಂಡು ಬಂದೆ. ನನ್ನ ಮಗಳನ್ನು ಉಳಿಸಿಕೊಟ್ಟವರ ಎದುರು ಆ ಮಧ್ಯಾಹ್ನ ಬಾಗಿಲಿಗೆ ಅಡ್ಡ ಬಂದವಳು ಅತ್ತೆಯಲ್ಲ. ಮನೆಯಲ್ಲಿ ನನ್ನನ್ನು ಬಿಟ್ಟು ಯಾರೂ ಇರಲಿಲ್ಲ.