ಮೊಲದಕ್ಕ ಊದಿದ ಗಾಯ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಮೊಲದಕ್ಕ ಎಂದೇ ಕರೆಯುತ್ತಿದ್ದರು. ಮುಲಾಮುಗಳ ಪರೀಕ್ಷೆಗೆಂದು ಮೊಲಗಳ ಬೆನ್ನು ಕೊಯ್ದ ಮೇಲೆ, ಅವನ್ನು ಎದೆಗವಚಿಕೊಂಡು ಗಾಯಕ್ಕೆ ಉಫ್ ಎಂದು ಊದುತ್ತಿದ್ದವಳು ಅವಳೇ. ಈಗ ಗೂಡುಗಳು ಖಾಲಿ. ಮೊಲಗಳ ಬದಲಿಗೆ ಅದೇ ಕೋಣೆಯ ಬೆಚ್ಚನೆಯ ಪೆಟ್ಟಿಗೆಯೊಳಗೆ, ಯಾರದೋ ಆಪರೇಷನ್ನಿನಲ್ಲಿ ಉಳಿದ ಚೂರಿನಿಂದ ಬೆಳೆಸಿದ ಮನುಷ್ಯರ ಚರ್ಮ ಪುಟ್ಟ ಬಟ್ಟಲುಗಳಲ್ಲಿತ್ತು. ಅದಕ್ಕೆ ಕೆಳಗಿನಿಂದ ಗುಲಾಬಿ ಬಣ್ಣದ ದ್ರವ ಉಣಿಸಬೇಕು. ಮೇಲ್ಭಾಗ ಗಾಳಿಗೆ ಒಡ್ಡಿಕೊಂಡರೇನೇ ಗಟ್ಟಿಯಾಗುವುದು.

“ಇದು ಚರ್ಮಾನಾ ಮೇಡಂ? ಹಾಲಿನ ಕೆನೆ ಥರ ಇದೆ,” ಎಂದು ಮೊಲದಕ್ಕ ಮೂಗು ಮುರಿದಳು.

ವಿಜ್ಞಾನಿ ಮೇಡಂ ನಕ್ಕು, ಆ ಕೆನೆಯ ನಡುವೆ ಸಣ್ಣದೊಂದು ಗಾಯ ಮಾಡಿದರು. ಮೊಲದಕ್ಕನ ಕೈ ತಾನಾಗಿಯೇ ಮಾಸ್ಕನ್ನು ಕೆಳಗೆಳೆಯಿತು. ಉಫ್ ಎಂದು ಊದಿಯೇಬಿಟ್ಟಳು.

“ಅಯ್ಯೋ ಅಕ್ಕ! ಬಾಯಲ್ಲಿರೋ ಕ್ರಿಮಿಯೆಲ್ಲ ಅದರೊಳಗೆ ಹೋಯ್ತು. ಇನ್ನಿದು ಪರೀಕ್ಷೆಗೆ ಬರಲ್ಲ,” ಎಂದು ಮೇಡಂ ತಲೆ ಚಚ್ಚಿಕೊಂಡರು.

ಎಸೆಯಲು ಮನಸ್ಸು ಬಾರದೆ ಮೊಲದಕ್ಕ ಆ ಬಟ್ಟಲನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು ಉಣಿಸಿದಳು. ಕೆಲವು ದಿನ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ಇಣುಕಿದವಳು ಕಣ್ಣು ಕೀಳಲೇ ಇಲ್ಲ. ಗಾಯದ ಅಂಚುಗಳು ಸುತ್ತಲಿಂದ ತೆವಳಿ ಬಂದು ಹೆಚ್ಚುಕಡಿಮೆ ಕೂಡಿಕೊಂಡಿದ್ದವು.

“ಮೇಡಂ, ಇದಕ್ಕೆ ನೋವಾಗುತ್ತಾ?”

“ಇಲ್ಲಕ್ಕ. ನೋವು ಗೊತ್ತಾಗೋಕೆ ಇದಕ್ಕೆ ನರಾನೇ ಇಲ್ಲ.”

“ನೋವಿಲ್ಲ, ಮೈಯಿಲ್ಲ, ಹೇಳೋರಿಲ್ಲ, ಕೇಳೋರಿಲ್ಲ. ಆದ್ರೂ ಮಾಯ್ತಿದೆಯಲ್ಲ!”

ಅವಳು ಕೈಗವಸು ಕಳಚಿ, ಹಿಂದೆ ಮೊಲ ಪರಚಿದ್ದ ತನ್ನ ಮುಂಗೈ ನೋಡಿಕೊಂಡಳು. ಕಲೆಯೂ ಉಳಿದಿರಲಿಲ್ಲ. ಅದು ಮಾಯುವಾಗ ತಾನೇನು ಹೇಳಿಕೊಟ್ಟಿದ್ದಳು? ಆಗೆಲ್ಲ ಹಾಸಿಗೆಯಲ್ಲಿ ಗೊರಕೆ ಹೊಡೆಯುತ್ತಿದ್ದಳು, ಅಷ್ಟೇ.